ಕಂಪ್ಯೂಟರ್ ಆರಲು ಹೊತ್ತು ಹಿಡಿದದ್ದು ಹೇಗೆ

ಹಳೆಯ ಕಂಪ್ಯೂಟರ್ ಬೇಗ ಶಟ್‌ಡೌನ್ ಆಗಲು ಏನು ಮಾಡಬೇಕು ಎಂದು ಕೇಳಿದರೆ ಸಿಗುವ ಉತ್ತರ ಇಪ್ಪತ್ತು ವರ್ಷಗಳಿಂದ ಹೆಚ್ಚೇನೂ ಬದಲಾಗಿಲ್ಲ. ವಿಂಡೋಸಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿ ತೆರೆಯಿರಿ, ‘ವೇಟ್ ಟು ಕಿಲ್ ಸರ್ವಿಸ್ ಟೈಮ್‌ಔಟ್’ ಎಂಬ ಹೆಸರಿನ ಮುಂದೆ 20000 ಎಂದಿರುತ್ತದೆ, ಅದನ್ನು ಅಳಿಸಿ 1000 ಎಂದು ಬರೆಯಿರಿ, ‘ಆಟೋ ಎಂಡ್ ಟಾಸ್ಕ್ಸ್’ ಎಂಬುದನ್ನು 1 ಮಾಡಿ, ಅಲ್ಲಿಗೆ ಮುಗಿಯಿತು. ಲೆಕ್ಕ ಮಿಲಿಸೆಕೆಂಡುಗಳದ್ದು, ಇಪ್ಪತ್ತು ಸೆಕೆಂಡಿನ ಗಡುವು ಒಂದೇ ಸೆಕೆಂಡಿಗೆ ಇಳಿಯುತ್ತದೆ. ಈ ಸಲಹೆ ಎಷ್ಟೋ ಸಲ ಫಲ ಕೊಡುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ಹಿಂದೆ ಒಂದು ನಂಬಿಕೆ ಕೆಲಸ ಮಾಡುತ್ತಿದೆ: ಆರುವಾಗ ಕಂಪ್ಯೂಟರ್ ಸುಮ್ಮನೆ ಹೊತ್ತು ಕಳೆಯುತ್ತದೆ, ಆ ಗಡುವನ್ನು ಯಾರೋ ವಿಚಾರ ಮಾಡದೆ ದೊಡ್ಡದಾಗಿ ಇಟ್ಟುಬಿಟ್ಟಿದ್ದಾರೆ ಎಂಬ ನಂಬಿಕೆ. ಕಂಪ್ಯೂಟರನ್ನು ಆರಿಸುವ ಪದ್ಧತಿ ಬೆಳೆದುಬಂದ ದಾರಿಯನ್ನು ನೋಡಿದರೆ ಇದು ನಿಲ್ಲುವುದಿಲ್ಲ. ಆ ಕಾಯುವಿಕೆ ಹುಟ್ಟಿದ್ದೇ ವೇಗದ ಆಸೆಯಿಂದ. ದಿನವಿಡೀ ಯಂತ್ರ ಚುರುಕಾಗಿರಲಿ ಎಂದು ಡಿಸ್ಕಿಗೆ ಬರೆಯುವ ಕೆಲಸವನ್ನು ಆಮೇಲೆ, ಆಮೇಲೆ ಎಂದು ಮುಂದೂಡಲಾಯಿತು. ಮುಂದೂಡಿದ್ದೆಲ್ಲ ಆರಿಸುವ ಹೊತ್ತಿಗೆ ಒಟ್ಟಾಗಿ ಎದುರು ನಿಂತಿತು. ಆ ಬಾಕಿಯನ್ನು ಹಾಗೇ ಬಿಟ್ಟು ಕಾಯುವ ಹೊತ್ತನ್ನಷ್ಟೇ ಕತ್ತರಿಸಿದಾಗೆಲ್ಲ ಯಾರದೋ ಫೈಲು ಕೆಟ್ಟಿದೆ. ಬಾಕಿಯೇ ಉಳಿಯದಂತೆ ನೋಡಿಕೊಂಡಾಗ ಮಾತ್ರ ನಿಜವಾದ ವೇಗ ಬಂದಿದೆ.

1981ರಲ್ಲಿ ಬಂದ ಐಬಿಎಂ ಪಿಸಿಗೆ ಶಟ್‌ಡೌನ್ ಎಂಬುದೇ ಇರಲಿಲ್ಲ. ಪೆಟ್ಟಿಗೆಯ ಬಲಮಗ್ಗುಲಲ್ಲಿ, ಹಿಂಭಾಗಕ್ಕೆ ಹತ್ತಿರವಾಗಿ, ಒಂದು ದಪ್ಪನೆಯ ಕೆಂಪು ಸ್ವಿಚ್ಚಿತ್ತು. ಕೆಳಗೆ ಒತ್ತಿದರೆ ಕರೆಂಟು ಕಡಿದುಹೋಗುತ್ತಿತ್ತು. ಅದರ ಕಾರ್ಯಾಚರಣಾ ವ್ಯವಸ್ಥೆಯಾದ ಡಾಸ್ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ನಡೆಸುತ್ತಿತ್ತು. ಆ ಪ್ರೋಗ್ರಾಂ ಫೈಲು ಮುಚ್ಚಿ ಹೊರಬಂದು ಪರದೆಯ ಮೇಲೆ ಪ್ರಾಂಪ್ಟ್ ಕಾಣಿಸಿತೆಂದರೆ ಬರೆಯಬೇಕಾದ್ದೆಲ್ಲ ಫ್ಲಾಪಿಗೆ ಬಿದ್ದಿದೆ ಎಂದೇ ಅರ್ಥ. ಹಾರ್ಡ್ ಡಿಸ್ಕ್ ಬಂದಾಗ ಒಂದು ಸಣ್ಣ ಶಿಸ್ತು ಸೇರಿಕೊಂಡಿತು. ಓದುವ ತಲೆ ತಟ್ಟೆಯ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ, ತಿರುಗುವುದು ನಿಂತೊಡನೆ ಕೆಳಗೆ ಕೂರುತ್ತದೆ. ಹಾಗೆ ಕೂತ ಜಾಗದಲ್ಲಿ ಮಾಹಿತಿ ಇದ್ದು, ಆಮೇಲೆ ಯಂತ್ರವನ್ನು ಎತ್ತಿ ಸಾಗಿಸಿದರೆ ಗೀರು ಬೀಳುವ ಭಯ. ಅದಕ್ಕೆಂದು ‘ಪಾರ್ಕ್’ ಎಂಬಂಥ ಪುಟ್ಟ ಪ್ರೋಗ್ರಾಂಗಳಿದ್ದವು. ಅವು ತಲೆಯನ್ನು ಖಾಲಿ ಜಾಗಕ್ಕೆ ಒಯ್ದು ನಿಲ್ಲಿಸುತ್ತಿದ್ದವು. ಮುಂದಿನ ಡಿಸ್ಕುಗಳು ಈ ಕೆಲಸವನ್ನು ತಾವೇ ಕಲಿತವು. ಕರೆಂಟು ಹೋದ ಮೇಲೂ ತಟ್ಟೆ ಕೆಲ ಗಳಿಗೆ ತಿರುಗುತ್ತಿರುತ್ತದಲ್ಲ, ಆ ತಿರುಗುವಿಕೆಯಿಂದಲೇ ಮೋಟಾರಿನಲ್ಲಿ ಹುಟ್ಟುವ ವಿದ್ಯುತ್ತಿನಿಂದ ತಲೆಯನ್ನು ಬದಿಗೆ ಸರಿಸಿಬಿಡುತ್ತವೆ. ಬಳಸುವವರು ನೆನಪಿಟ್ಟು ಮಾಡಬೇಕಾಗಿದ್ದ ಕೆಲಸ ಯಂತ್ರದೊಳಗೇ ಸೇರಿ ಕಾಯುವುದು ತಪ್ಪಿದ ಮೊದಲ ಉದಾಹರಣೆ ಇದು.

ನಿಜವಾದ ಬಾಕಿ ಶುರುವಾದದ್ದು ಬೇರೆ ಕಡೆ, ಯುನಿಕ್ಸ್‌ನಲ್ಲಿ. 1969ರಿಂದ ಬೆಲ್ ಲ್ಯಾಬ್ಸ್‌ನಲ್ಲಿ ಬೆಳೆದ ಈ ವ್ಯವಸ್ಥೆಯಲ್ಲಿ ಹಲವರು ಒಂದೇ ಯಂತ್ರವನ್ನು ಏಕಕಾಲಕ್ಕೆ ಬಳಸುತ್ತಿದ್ದರು. ಪ್ರತಿಯೊಬ್ಬರ ಪ್ರತಿ ಬರಹವೂ ಡಿಸ್ಕನ್ನು ಮುಟ್ಟಿಯೇ ಮುಂದೆ ಹೋಗಬೇಕೆಂದರೆ ಎಲ್ಲರೂ ಕಾಯುತ್ತ ಕೂರಬೇಕು. ಆದ್ದರಿಂದ ಬರೆದದ್ದನ್ನು ಮೊದಲು ಮೆಮೊರಿಯಲ್ಲಿಟ್ಟು, ಸಮಯ ನೋಡಿ ಡಿಸ್ಕಿಗೆ ಇಳಿಸುವ ಏರ್ಪಾಡು ಬಂತು. ವ್ಯಾಪಾರದ ಭರದಲ್ಲಿ ಚೀಟಿಯ ಮೇಲೆ ಗೀಚಿಟ್ಟ ಲೆಕ್ಕವನ್ನು ಅಂಗಡಿಯವರು ರಾತ್ರಿ ಖಾತೆಪುಸ್ತಕಕ್ಕೆ ಇಳಿಸುವ ರೀತಿಯೇ ಇದು: ಗಿರಾಕಿಗೆ ಅನುಕೂಲ, ಆದರೆ ಚೀಟಿ ಕಳೆದುಹೋದರೆ ಲೆಕ್ಕವೂ ಹೋಯಿತು. ‘ಅಪ್‌ಡೇಟ್’ ಎಂಬ ಪ್ರೋಗ್ರಾಂ ಪ್ರತಿ 30 ಸೆಕೆಂಡಿಗೊಮ್ಮೆ ಬಾಕಿಯನ್ನು ಡಿಸ್ಕಿಗೆ ತಳ್ಳುತ್ತಿತ್ತು. ಯಂತ್ರ ನಿಲ್ಲಿಸುವ ಮುನ್ನ ನಡೆಸುವವರು ‘ಸಿಂಕ್’ ಎಂಬ ಆಜ್ಞೆಯನ್ನು ಕೈಯಾರೆ ಕೊಡಬೇಕಿತ್ತು. ಅದನ್ನು ಒಂದು ಸಲವಲ್ಲ, ಮೂರು ಸಲ, ಮೂರು ಬೇರೆ ಸಾಲುಗಳಲ್ಲಿ ಟೈಪ್ ಮಾಡಬೇಕೆಂಬ ರೂಢಿ ಬೆಳೆಯಿತು. ಹೊರಗಿನವರಿಗೆ ಇದು ಮಂತ್ರ ಹೇಳಿದಂತೆ ಕಾಣಬಹುದು, ಆದರೆ ಕಾರಣ ಖಚಿತವಾಗಿತ್ತು. ಅಂದಿನ ಸಿಂಕ್ ಬರೆಯುವ ಕೆಲಸಕ್ಕೆ ಚಾಲನೆ ಕೊಟ್ಟು ತಕ್ಷಣ ಮರಳಿಬಿಡುತ್ತಿತ್ತು, ಬರೆದು ಮುಗಿಯಿತೇ ಎಂದು ನೋಡುತ್ತಿರಲಿಲ್ಲ. ಎರಡನೆಯ, ಮೂರನೆಯ ಸಾಲನ್ನು ಟೈಪ್ ಮಾಡುವಷ್ಟರಲ್ಲಿ ಡಿಸ್ಕ್ ಮೊದಲನೆಯದನ್ನು ಮುಗಿಸಿರುತ್ತಿತ್ತು. ಮನುಷ್ಯರ ಬೆರಳಿನ ನಿಧಾನವೇ ಅಲ್ಲಿ ಕಾವಲಾಗಿತ್ತು. ಈ ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಇದೇ ಕಾವಲು ಇನ್ನೊಂದು ವೇಷದಲ್ಲಿ ನಮ್ಮ ಮನೆ-ಕಚೇರಿಗಳ ಕಂಪ್ಯೂಟರುಗಳಲ್ಲೂ ಇತ್ತು, ಅದು ತಪ್ಪಿದಾಗ ಏನಾಯಿತೆಂಬುದು ಈ ಚರಿತ್ರೆಯ ತಿರುವು.

ಪಿಸಿಗಳಲ್ಲಿ ಈ ಬಾಕಿ ವ್ಯಾಪಕವಾದದ್ದು ಸ್ಮಾರ್ಟ್‌ಡ್ರೈವ್ ಎಂಬ ಪ್ರೋಗ್ರಾಂ ಮೂಲಕ. 1993ರ ಎಂಎಸ್-ಡಾಸ್ 6.0ರಲ್ಲಿ ಅದು ಓದುವುದನ್ನಷ್ಟೇ ಅಲ್ಲ, ಬರೆಯುವುದನ್ನೂ ಮೆಮೊರಿಯಲ್ಲಿ ತಡೆಹಿಡಿದು ಆಮೇಲೆ ಇಳಿಸುತ್ತಿತ್ತು, ಅದೂ ಯಾರೂ ಹೇಳದೆ, ತಾನಾಗಿ. ಡಾಸ್ ಬಳಸುವವರಿಗೆ ಹನ್ನೆರಡು ವರ್ಷಗಳ ಅಭ್ಯಾಸವಿತ್ತು: ಪ್ರಾಂಪ್ಟ್ ಕಂಡರೆ ಸ್ವಿಚ್ ಒತ್ತಬಹುದು. ಈಗ ಪ್ರಾಂಪ್ಟ್ ಕಂಡಾಗಲೂ ಫೈಲಿನ ಕೊನೆಯ ತುಂಡು ಮೆಮೊರಿಯಲ್ಲೇ ಇರಬಹುದಿತ್ತು. ದೂರುಗಳು ಬಂದವು. ಅದೇ ವರ್ಷದ ಕೊನೆಗೆ ಬಂದ 6.2ರಲ್ಲಿ ಮೈಕ್ರೋಸಾಫ್ಟ್ ಒಂದು ಹೆಜ್ಜೆ ಹಿಂದಿಟ್ಟಿತು. ಬಾಕಿಯೆಲ್ಲ ಡಿಸ್ಕಿಗೆ ಇಳಿದ ಮೇಲಷ್ಟೇ ಪ್ರಾಂಪ್ಟ್ ಮರಳುವಂತೆ ಮಾಡಿತು. ಬೇಡವೆನ್ನುವವರು ಬೇರೆ ಆಯ್ಕೆ ಬರೆದುಕೊಳ್ಳಬೇಕು. ಕೆಲವು ಗಳಿಗೆಗಳ ನಿಧಾನವನ್ನು ತಿಳಿದೇ ಒಪ್ಪಿಕೊಂಡ ನಿರ್ಧಾರ ಇದು.

1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಆರಿಸುವ ಕೆಲಸಕ್ಕೆ ಒಂದು ವಿಧಿಯನ್ನೇ ಕೊಟ್ಟಿತು. ಸ್ಟಾರ್ಟ್ ಮೆನುವಿನಲ್ಲಿ ಶಟ್‌ಡೌನ್ ಒತ್ತಬೇಕು, ಕಾಯಬೇಕು. ಕೊನೆಗೆ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ ಈಗ ಕಂಪ್ಯೂಟರ್ ಆರಿಸಿದರೆ ಅಪಾಯವಿಲ್ಲ ಎಂಬ ಸೂಚನೆ ಮೂಡುತ್ತಿತ್ತು. ವಿಂಡೋಸ್ ಫೋಲ್ಡರಿನಲ್ಲಿ ‘ಲೋಗೋಸ್.ಸಿಸ್’ ಎಂಬ ಫೈಲಾಗಿ ಕೂತಿದ್ದ ಒಂದು ಸಾದಾ ಬಿಟ್‌ಮ್ಯಾಪ್ ಚಿತ್ರ ಅದು. ಅದನ್ನು ಓದಿ, ಕೈ ಚಾಚಿ, ಪೆಟ್ಟಿಗೆಯ ಗುಂಡಿಯನ್ನು ಅದುಮಬೇಕು. ಅದೇ ವರ್ಷ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾದರಿ ಈ ಕೈಯನ್ನು ಬಿಡಿಸಿತು. ಎಟಿಎಕ್ಸ್‌ನಲ್ಲಿ ಮುಂಭಾಗದ ಗುಂಡಿ ಕರೆಂಟನ್ನು ಕಡಿಯುವುದಿಲ್ಲ, ಮದರ್‌ಬೋರ್ಡಿಗೆ ಒಂದು ಸೂಚನೆ ಕೊಡುತ್ತದೆ ಅಷ್ಟೆ. ಪವರ್ ಸಪ್ಲೈಯನ್ನು ನಿಲ್ಲಿಸುವ ಅಧಿಕಾರ ಸಾಫ್ಟ್‌ವೇರಿನ ಕೈಗೂ ಬಂತು. 1996ರ ಕೊನೆಗೆ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ರೂಪಿಸಿದ ಎಸಿಪಿಐ ಇದಕ್ಕೆ ನಿಯಮಗಳನ್ನು ಬರೆಯಿತು. ಅಲ್ಲಿಂದಾಚೆಗೆ ಶಟ್‌ಡೌನ್ ಒತ್ತಿ ಎದ್ದು ಹೋಗಬಹುದು, ಯಂತ್ರ ತಾನೇ ಆರುತ್ತದೆ. ಮನೆಬಳಕೆಯ ದೃಷ್ಟಿಯಿಂದ ದೊಡ್ಡ ಅನುಕೂಲ. ಆದರೆ ಕಿತ್ತಳೆ ಅಕ್ಷರ ಓದಿ ಕೈ ಚಾಚುವ ಆ ಒಂದೆರಡು ಸೆಕೆಂಡು ಈಗ ಇಲ್ಲವಾಯಿತು.

ಅದರ ಬೆಲೆ ಗೊತ್ತಾದದ್ದು ವಿಂಡೋಸ್ 98ರ ಕಾಲದಲ್ಲಿ. 98ರಲ್ಲಿ ‘ಫಾಸ್ಟ್ ಶಟ್‌ಡೌನ್’ ಎಂಬ ಸೌಲಭ್ಯವನ್ನೇ ಇಡಲಾಗಿತ್ತು. ಆರುವಾಗಿನ ಕೆಲವು ಕೆಲಸಗಳನ್ನು ಬಿಟ್ಟು ಬೇಗ ಮುಗಿಸುವುದು ಉದ್ದೇಶ. ಎಷ್ಟೋ ಯಂತ್ರಗಳು ಇದರಿಂದ ಆರುವ ಹೊತ್ತಿನಲ್ಲಿ ನಿಂತುಬಿಡುತ್ತಿದ್ದವು, ‘ಎಂಎಸ್‌ಕಾನ್ಫಿಗ್’ ತೆರೆದು ಅದನ್ನು ರದ್ದು ಮಾಡುವುದೇ ರಿಪೇರಿಯ ಮೊದಲ ಹೆಜ್ಜೆಯಾಗಿತ್ತು. ಎರಡನೆಯ ಆವೃತ್ತಿಗೆ ಶಟ್‌ಡೌನ್ ದೋಷಗಳಿಗೆಂದೇ ಒಂದು ಪ್ರತ್ಯೇಕ ಪೂರಕವನ್ನು ಮೈಕ್ರೋಸಾಫ್ಟ್ ಬಿಡುಗಡೆ ಮಾಡಬೇಕಾಯಿತು. ಆದರೆ ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದು ದುರಸ್ತಿ, ಐಡಿಇ ಹಾರ್ಡ್ ಡ್ರೈವ್ ಕ್ಯಾಶ್ ಪ್ಯಾಕೇಜ್. ಹಾರ್ಡ್ ಡಿಸ್ಕುಗಳ ಒಳಗೇ ಆಗ ಒಂದು ಪುಟ್ಟ ಮೆಮೊರಿ ಬೆಳೆಯುತ್ತಿತ್ತು. ವಿಂಡೋಸ್ ಕೊಟ್ಟದ್ದನ್ನು ಡಿಸ್ಕ್ ಈ ಮೆಮೊರಿಗೆ ತುಂಬಿಕೊಂಡು ‘ಬರೆದಾಯಿತು’ ಎಂದು ಹೇಳಿಬಿಡುತ್ತಿತ್ತು, ತಟ್ಟೆಗೆ ಆಮೇಲೆ ಇಳಿಸುತ್ತಿತ್ತು. ಇತ್ತ ಪ್ರೊಸೆಸರುಗಳು ಎಷ್ಟು ಚುರುಕಾದವೆಂದರೆ ವಿಂಡೋಸ್ ತನ್ನ ಪಾಲಿನ ಕೆಲಸ ಮುಗಿಸಿ, ಎಟಿಎಕ್ಸ್ ಮೂಲಕ ಕರೆಂಟನ್ನೂ ಕಡಿಸಿಬಿಡುತ್ತಿತ್ತು, ಡಿಸ್ಕಿನ ಒಳಗಿನ ಬಾಕಿ ಇನ್ನೂ ತಟ್ಟೆ ಮುಟ್ಟುವ ಮೊದಲೇ. ಎಲ್ಲವೂ ಕ್ರಮಬದ್ಧವಾಗಿ ನಡೆದಿದ್ದರೂ ಮಾರನೆಯ ದಿನ ಡಿಸ್ಕನ್ನು ತಪಾಸಣೆ ಮಾಡುವ ಸ್ಕ್ಯಾನ್‌ಡಿಸ್ಕ್ ಓಡುತ್ತಿತ್ತು, ಫೈಲುಗಳು ಕೆಟ್ಟಿರುತ್ತಿದ್ದವು. ಮೈಕ್ರೋಸಾಫ್ಟ್ ಕಂಡುಕೊಂಡ ಪರಿಹಾರ ಸರಳವಾದದ್ದು: ಆರುವ ಮುನ್ನ ಎರಡು ಸೆಕೆಂಡು ಸುಮ್ಮನೆ ಕಾಯುವುದು. ಯುನಿಕ್ಸ್‌ನವರು ಮೂರು ಸಲ ಸಿಂಕ್ ಟೈಪ್ ಮಾಡಿ ಪಡೆದದ್ದನ್ನೇ, ಕಿತ್ತಳೆ ಅಕ್ಷರ ಓದುವ ಕಣ್ಣು ತಿಳಿಯದೆಯೇ ಕೊಟ್ಟಿದ್ದನ್ನೇ, ಈಗ ಸಾಫ್ಟ್‌ವೇರಿನಲ್ಲಿ ಬರೆದು ಸೇರಿಸಲಾಯಿತು. ಶಟ್‌ಡೌನ್ ಹೊತ್ತು ಸುಮ್ಮನೆ ಹಿಗ್ಗಿದ್ದು ಎನ್ನುವವರು ಈ ಎರಡು ಸೆಕೆಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೆಡುವುದು ಎಂದರೆ ಏನೆಂಬುದನ್ನೂ ಹತ್ತಿರದಿಂದ ನೋಡಬೇಕು. 98 ಬಳಸುತ್ತಿದ್ದ ಫ್ಯಾಟ್ ವ್ಯವಸ್ಥೆಯಲ್ಲಿ ಒಂದು ಫೈಲು ಸೇವ್ ಆಗಬೇಕೆಂದರೆ ಮೂರು ಕಡೆ ಬರೆಯಬೇಕು: ಫೈಲಿನ ವಿಷಯ ಒಂದು ಕಡೆ, ಅದು ಯಾವ ಯಾವ ತುಂಡುಗಳಲ್ಲಿದೆ ಎಂಬ ಸರಪಳಿ ಕೋಷ್ಟಕದಲ್ಲಿ, ಹೆಸರು ಮತ್ತು ಗಾತ್ರ ಫೋಲ್ಡರಿನಲ್ಲಿ. ಮೂರರ ನಡುವೆ ಕರೆಂಟು ಹೋದರೆ ತುಂಡುಗಳಿರುತ್ತವೆ, ಹೆಸರಿರುವುದಿಲ್ಲ. ಸ್ಕ್ಯಾನ್‌ಡಿಸ್ಕ್ ಅಂಥ ಅನಾಥ ತುಂಡುಗಳನ್ನು ಹೆಕ್ಕಿ ‘ಫೈಲ್0000.ಸಿಎಚ್‌ಕೆ’ ಎಂಬ ಹೆಸರಿನಲ್ಲಿ ಸಿ ಡ್ರೈವಿನ ಬುಡದಲ್ಲಿ ಇಡುತ್ತಿತ್ತು. ಆ ಕಾಲದ ಯಾವ ಡಿಟಿಪಿ ಅಂಗಡಿಯ ಕಂಪ್ಯೂಟರ್ ತೆರೆದರೂ ಈ ಹೆಸರಿನ ಒಂದು ಸಾಲು ಕಾಣುತ್ತಿತ್ತು. ಒಳಗೆ ಯಾರದೋ ಮದುವೆಯ ಕರೆಯೋಲೆಯ ಅರ್ಧ, ಯಾವುದೋ ಪುಸ್ತಕದ ಒಂದು ಅಧ್ಯಾಯದ ಬಾಲ ಇದ್ದಿರಬಹುದು. ತೆರೆದು ಓದುವಂತೆ ಉಳಿದಿರುತ್ತಿದ್ದದ್ದು ಅಪರೂಪ.

ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರಿನಲ್ಲಿ ಬಂದಾಗ ಕಚೇರಿಗಳಿಗಾಗಿ ಇದ್ದ ವಿಂಡೋಸ್ ಎನ್‌ಟಿಯ ಅಡಿಪಾಯ ಮನೆಮನೆಗೆ ತಲುಪಿತು, ಅದರ ಜೊತೆಗೆ ಆರಿಸುವ ದೀರ್ಘ ಕ್ರಮವೂ. ಟರ್ನ್ ಆಫ್ ಒತ್ತಿದೊಡನೆ ವಿಂಡೋಸ್ ತೆರೆದಿರುವ ಪ್ರೋಗ್ರಾಂಗಳನ್ನು ಒಂದೊಂದಾಗಿ ಕೇಳುತ್ತದೆ: ಮುಗಿಸಲು ಸಿದ್ಧವೇ? ಸೇವ್ ಮಾಡದ ಕೆಲಸವಿದ್ದರೆ ಪ್ರೋಗ್ರಾಂ ಬೇಡವೆನ್ನಬಹುದು, ಸೇವ್ ಮಾಡಬೇಕೇ ಎಂದು ನಮ್ಮನ್ನು ಕೇಳಬಹುದು. ಐದು ಸೆಕೆಂಡು ಉತ್ತರವೇ ಇಲ್ಲದಿದ್ದರೆ ಅದು ಜಡವಾಗಿದೆಯೆಂದು ಎಣಿಸಿ ‘ಎಂಡ್ ನೌ’ ಎಂಬ ಪೆಟ್ಟಿಗೆ ಬರುತ್ತದೆ. ಬಳಿಕ ಬಳಕೆದಾರರ ಸೆಟ್ಟಿಂಗುಗಳನ್ನು ಸೇವ್ ಮಾಡಿ ಮುಚ್ಚಬೇಕು. ಅದಾದ ಮೇಲೆ ಹಿನ್ನೆಲೆಯ ಸೇವೆಗಳ ಸರದಿ: ಪ್ರಿಂಟರ್ ಸ್ಪೂಲರ್, ಆಂಟಿವೈರಸ್, ಡೇಟಾಬೇಸ್ ಇದ್ದರೆ ಅದು. ಇವುಗಳಿಗೆ ಸಿಗುವ ಗಡುವೇ ಆ ಪ್ರಸಿದ್ಧ 20000. ಕೊನೆಗೆ ರಿಜಿಸ್ಟ್ರಿ, ಫೈಲ್ ವ್ಯವಸ್ಥೆ, ಡಿಸ್ಕಿನ ಒಳಗಿನ ಮೆಮೊರಿ, ಎಲ್ಲವನ್ನೂ ಖಾಲಿ ಮಾಡಿಸಿ ಕರೆಂಟು ಕಡಿಯಬೇಕು. ಇಪ್ಪತ್ತು ಸೆಕೆಂಡು ಎಂಬುದು ಕಾಯಲೇಬೇಕಾದ ಹೊತ್ತಲ್ಲ, ಹೆಚ್ಚೆಂದರೆ ಅಷ್ಟು ಎಂಬ ಮಿತಿ. ಎಲ್ಲ ಸೇವೆಗಳೂ ಎರಡೇ ಸೆಕೆಂಡಿನಲ್ಲಿ ಮುಗಿಸಿದರೆ ವಿಂಡೋಸ್ ಮೂರನೆಯ ಸೆಕೆಂಡು ಕಾಯುವುದಿಲ್ಲ. ಆದ್ದರಿಂದ ಸಂಖ್ಯೆ ಇಳಿಸಿ ಲಾಭ ಕಂಡಿತು ಎಂದರೆ ಯಾವುದೋ ಸೇವೆ ಇನ್ನೂ ಮುಗಿಸಿರಲಿಲ್ಲ, ಅದನ್ನು ನಡುವೆಯೇ ಕೊಲ್ಲಲಾಯಿತು ಎಂದರ್ಥ. ಅದು ಕೆಟ್ಟುನಿಂತ ಪ್ರಿಂಟರ್ ಪ್ರೋಗ್ರಾಂ ಆಗಿದ್ದರೆ ನಷ್ಟವಿಲ್ಲ. ಅಂಗಡಿಯ ಬಿಲ್ಲುಗಳನ್ನು ಹಿಡಿದಿಟ್ಟ ಡೇಟಾಬೇಸ್ ಆಗಿದ್ದರೆ? ಆ ಒಂದು ಸಂಖ್ಯೆಗೆ ಇವೆರಡರ ವ್ಯತ್ಯಾಸ ತಿಳಿಯದು.

ಎಕ್ಸ್‌ಪಿಯಲ್ಲಿ ಹೊತ್ತು ಹೋಗುತ್ತಿದ್ದ ಜಾಗಗಳು ಬೇರೆಯೇ ಇದ್ದವು, ಅವುಗಳ ಪೈಕಿ ಒಂದನ್ನು ಮೈಕ್ರೋಸಾಫ್ಟ್ ಪತ್ತೆಮಾಡಿದ ಬಗೆ ಗಮನಿಸುವಂಥದ್ದು. ಸೆಟ್ಟಿಂಗುಗಳನ್ನು ಸೇವ್ ಮಾಡಲಾಗುತ್ತಿದೆ ಎಂಬ ಸಾಲು ಪರದೆಯ ಮೇಲೆ ಅಂಟಿಕೊಂಡು ಕೂರುತ್ತಿತ್ತು. ಕಾರಣ, ಯಾವುದೋ ಸೇವೆ ಅಥವಾ ಡ್ರೈವರ್ ಬಳಕೆದಾರರ ರಿಜಿಸ್ಟ್ರಿ ಭಾಗವನ್ನು ತೆರೆದು ಮುಚ್ಚಲು ಮರೆತಿರುತ್ತಿತ್ತು; ಅದು ಬಿಡುವವರೆಗೆ ವಿಂಡೋಸ್ ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು. ಇವೆಂಟ್ ವ್ಯೂವರ್‌ನಲ್ಲಿ ‘ಯೂಸರ್‌ಎನ್ವ್’ ಹೆಸರಿನಡಿ 1517 ಸಂಖ್ಯೆಯ ಎಚ್ಚರಿಕೆ ದಾಖಲಾಗುತ್ತಿತ್ತು. ಇದಕ್ಕೆಂದು ‘ಯುಪಿಎಚ್‌ಕ್ಲೀನ್’ ಎಂಬ ಪುಟ್ಟ ಸೇವೆಯನ್ನು ಬಿಡುಗಡೆ ಮಾಡಲಾಯಿತು. ಅದು ಗಡುವನ್ನು ಮುಟ್ಟುತ್ತಿರಲಿಲ್ಲ. ಯಾರು ಹಿಡಿದುಕೊಂಡಿದ್ದಾರೆಂದು ಹುಡುಕಿ, ಹೆಸರನ್ನು ದಾಖಲಿಸಿ, ಬಿಡಿಸುತ್ತಿತ್ತು. ಇನ್ನೊಂದು ಜಾಗ ಮೆಮೊರಿಯ ಕೊರತೆ. 256 ಎಂಬಿ ರ್‍ಯಾಮ್ ಇರುವ ಯಂತ್ರದಲ್ಲಿ ಬಹಳ ಹೊತ್ತು ಬಳಸದ ಪ್ರೋಗ್ರಾಂಗಳನ್ನು ವಿಂಡೋಸ್ ಡಿಸ್ಕಿನ ಪೇಜ್‌ಫೈಲಿಗೆ ಸಾಗಹಾಕಿರುತ್ತದೆ. ಮುಗಿಸಲು ಸಿದ್ಧವೇ ಎಂದು ಕೇಳಬೇಕಾದರೆ ಪ್ರತಿಯೊಂದನ್ನೂ ಮತ್ತೆ ಮೆಮೊರಿಗೆ ಎಳೆದು ತರಬೇಕು, ತರಲು ಇನ್ನೊಂದನ್ನು ಹೊರಗೆ ಹಾಕಬೇಕು. ಹಳೆಯ ಕಂಪ್ಯೂಟರ್ ಆರುವಾಗ ಡಿಸ್ಕಿನ ದೀಪ ಎಡೆಬಿಡದೆ ಮಿನುಗುವುದು ಬಹುಪಾಲು ಇದರಿಂದ. ಭದ್ರತೆಯ ಹೆಸರಿನಲ್ಲಿ ಪೇಜ್‌ಫೈಲನ್ನು ಪ್ರತಿ ಸಲ ಅಳಿಸುವ ಆಯ್ಕೆಯನ್ನು ಯಾರಾದರೂ ಚಾಲೂ ಮಾಡಿಟ್ಟಿದ್ದರಂತೂ ಸೊನ್ನೆಗಳನ್ನು ಬರೆಯುವುದಕ್ಕೇ ಹೊತ್ತು ಹಿಡಿಯುತ್ತದೆ: 768 ಎಂಬಿ ಫೈಲು, ಸೆಕೆಂಡಿಗೆ 40 ಎಂಬಿ ಬರೆಯುವ ಡಿಸ್ಕ್, ಸುಮಾರು 19 ಸೆಕೆಂಡು ಬರೀ ಅದಕ್ಕೇ.

ಸೇವೆಗಳ ಗಡುವನ್ನು ಸುಮ್ಮನೆ ಕತ್ತರಿಸಬಾರದೆಂಬ ಈ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಮೈಕ್ರೋಸಾಫ್ಟೇ ಆ ಗಡುವನ್ನು ವಿಂಡೋಸ್ 7ರಲ್ಲಿ 12 ಸೆಕೆಂಡಿಗೆ, ವಿಂಡೋಸ್ 8ರಲ್ಲಿ 5 ಸೆಕೆಂಡಿಗೆ ಇಳಿಸಿತಲ್ಲ. ತಯಾರಕರೇ ಮಾಡಿದ್ದನ್ನು ನಾವು ಎಕ್ಸ್‌ಪಿಯಲ್ಲಿ ಮಾಡಿದರೆ ತಪ್ಪೇನು? ತಪ್ಪು ಇರುವುದು ಕ್ರಮದಲ್ಲಿ. ಇಳಿಸುವ ಮೊದಲು 2007ರ ವಿಸ್ತಾದಲ್ಲಿ ಕೆಲವು ಮುಖ್ಯ ಬದಲಾವಣೆಗಳಾಗಿದ್ದವು. ನಿಜಕ್ಕೂ ಹೆಚ್ಚು ಹೊತ್ತು ಬೇಕಾದ ಸೇವೆಗಳಿಗೆ ‘ಪ್ರಿಶಟ್‌ಡೌನ್’ ಎಂಬ ಪ್ರತ್ಯೇಕ ಹಂತ ಬಂತು. ಕೇಳಿಕೊಂಡ ಸೇವೆಗೆ ಅಲ್ಲಿ ಮೂರು ನಿಮಿಷದವರೆಗೆ ಅವಕಾಶವಿತ್ತು. ಯುಪಿಎಚ್‌ಕ್ಲೀನ್ ಮಾಡುತ್ತಿದ್ದ ಕೆಲಸ ವಿಂಡೋಸಿನ ಒಳಗೇ ಸೇರಿತು. ದೀರ್ಘ ಕೆಲಸದವರು ಬೇರೆ ಸಾಲಿಗೆ ಹೋದ ಮೇಲೆ ಉಳಿದವರ ಗಡುವನ್ನು ಇಳಿಸುವುದು ನ್ಯಾಯವೇ. ಎಕ್ಸ್‌ಪಿಯಲ್ಲಿ ಆ ಬೇರೆ ಸಾಲೇ ಇಲ್ಲ, ಎಲ್ಲರೂ ಆ ಇಪ್ಪತ್ತು ಸೆಕೆಂಡಿನೊಳಗೇ ಇದ್ದಾರೆ. ಹೊಸ ಮನೆಯ ಸಂಖ್ಯೆಯನ್ನು ತಂದು ಹಳೆಯ ಮನೆಗೆ ಬರೆದರೆ ಹಳೆಯದು ಹೊಸದಾಗುವುದಿಲ್ಲ.

ಎರಡನೆಯ ಆಕ್ಷೇಪ ನಮ್ಮ ನೆಲದ್ದು. ಲೋಡ್ ಶೆಡ್ಡಿಂಗ್ ನಡುವೆಯೇ ಕಂಪ್ಯೂಟರ್ ಕಲಿತ ನಾಡಿದು. ಊರೂರಿನ ಶಾಲೆ, ಕಚೇರಿ, ಸೈಬರ್ ಕೆಫೆಗಳಲ್ಲಿ ಕರೆಂಟು ಹೇಳದೆ ಹೋಗುತ್ತಿತ್ತು, ಬಂದ ಮೇಲೆ ಯಂತ್ರಗಳು ಮತ್ತೆ ಏಳುತ್ತಿದ್ದವು. ಅಷ್ಟು ಸಲ ಸತ್ತು ಬದುಕಿದ್ದಕ್ಕೆ ಒಂದೆರಡು ಸೆಕೆಂಡಿನ ಆತುರ ಏನು ಮಾಡೀತು? ಈ ವಾದದ ತೊಂದರೆಯೆಂದರೆ ಅದು ಎದ್ದ ಯಂತ್ರಗಳನ್ನು ಮಾತ್ರ ಎಣಿಸುತ್ತದೆ. ಏಳದ ಯಂತ್ರಗಳ ಪರದೆಯ ಮೇಲೆ ‘ಸಿಸ್ಟಂ32’ ಒಳಗಿನ ‘ಕಾನ್ಫಿಗ್’ ಫೋಲ್ಡರಿನ ‘ಸಿಸ್ಟಂ’ ಫೈಲು ಕಾಣೆಯಾಗಿದೆ ಅಥವಾ ಕೆಟ್ಟಿದೆ ಎಂಬ ಸಾಲು ಇರುತ್ತಿತ್ತು. ರಿಪೇರಿ ಅಂಗಡಿಯವರಿಗೆ ಅದು ಬಾಯಿಪಾಠ. ರಿಜಿಸ್ಟ್ರಿ ಪೂರ್ತಿ ಬರೆಯುವ ಮೊದಲು ಕರೆಂಟು ಹೋಗುವುದು ಅದರ ಕಾರಣಗಳಲ್ಲೊಂದು. ಇನ್ನೂ ಮುಖ್ಯವಾಗಿ, ಯಂತ್ರ ಎದ್ದಿತು ಎಂಬುದು ಅದರೊಳಗಿನ ಕೆಲಸ ಉಳಿಯಿತು ಎಂಬುದಕ್ಕೆ ಪುರಾವೆಯಲ್ಲ. ಬೆಲೆ ಹೆಚ್ಚಾದರೂ ಪ್ರತಿ ಮೇಜಿನ ಕೆಳಗೂ ಒಂದು ಯುಪಿಎಸ್ ಇಡಿಸಿದ ಜನಕ್ಕೆ ಇದು ಗೊತ್ತಿತ್ತು. ಆ ಯುಪಿಎಸ್ ಕೊಡುತ್ತಿದ್ದದ್ದು ಸಂಜೆಯವರೆಗೆ ಕೆಲಸ ಮಾಡುವಷ್ಟು ಬ್ಯಾಟರಿಯಲ್ಲ, ಸೇವ್ ಮಾಡಿ ಕ್ರಮವಾಗಿ ಆರಿಸುವಷ್ಟು ನಿಮಿಷಗಳು. ಆ ನಿಮಿಷಗಳಿಗೆಂದೇ ಹಣ ಕೊಟ್ಟವರು ಅದೇ ಸೆಕೆಂಡುಗಳನ್ನು ರಿಜಿಸ್ಟ್ರಿಯಲ್ಲಿ ಅಳಿಸುವುದು ತಮ್ಮ ಖರ್ಚನ್ನು ತಾವೇ ವ್ಯರ್ಥ ಮಾಡಿದಂತೆ.

ಮೂರನೆಯ ಆಕ್ಷೇಪ ವಿದ್ವಾಂಸರದ್ದು, ಇದನ್ನು ನಾನು ಹೆಚ್ಚು ಗೌರವದಿಂದ ನೋಡುತ್ತೇನೆ. ಸ್ಟ್ಯಾನ್‌ಫರ್ಡ್‌ನ ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ 2003ರಲ್ಲಿ ‘ಕ್ರ್ಯಾಶ್-ಓನ್ಲಿ ಸಾಫ್ಟ್‌ವೇರ್’ ಎಂಬ ಪ್ರಬಂಧ ಮಂಡಿಸಿದರು. ಅವರ ಅಳತೆಯಲ್ಲಿ ರೆಡ್ ಹ್ಯಾಟ್ 8 ಲಿನಕ್ಸ್ ಇದ್ದ ಯಂತ್ರವನ್ನು ಕ್ರಮವಾಗಿ ಆರಿಸಿ ಮತ್ತೆ ಚಾಲೂ ಮಾಡಲು 104 ಸೆಕೆಂಡು ಹಿಡಿದರೆ, ಒಮ್ಮೆಲೇ ಕೆಡವಿ ಚಾಲೂ ಮಾಡಲು 75 ಸೆಕೆಂಡು ಸಾಕಾಯಿತು. ಎಕ್ಸ್‌ಪಿಯಲ್ಲಿ 61ಕ್ಕೆ ಎದುರು 48. ಬಿದ್ದು ಏಳುವುದೇ ಬೇಗ ಎಂದಾದರೆ ಕ್ರಮವಾಗಿ ಆರಿಸುವ ದಾರಿಯೇ ಏಕೆ ಬೇಕು ಎಂಬುದು ಅವರ ಪ್ರಶ್ನೆ. ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಡುವ ಜರ್ನಲ್ ಇಟ್ಟುಕೊಳ್ಳುವ ಎನ್‌ಟಿಎಫ್‌ಎಸ್, ಇಎಕ್ಸ್‌ಟಿ3 ಫೈಲ್ ವ್ಯವಸ್ಥೆಗಳು ಬಂದ ಮೇಲೆ ಡಿಸ್ಕಿನ ರಚನೆ ಹಾಳಾಗುವ ಭಯ ಬಹಳ ಕಡಿಮೆಯಾಗಿತ್ತು ಎಂಬುದೂ ನಿಜ. ಆದರೆ ಆ ಪ್ರಬಂಧ ಹೇಳುವುದು ಇರುವ ಸಾಫ್ಟ್‌ವೇರನ್ನು ಹಾಗೇ ಕೊಲ್ಲಿ ಎಂದಲ್ಲ. ಯಾವ ಗಳಿಗೆಯಲ್ಲಿ ಬಿದ್ದರೂ ಏನೂ ಕಳೆದುಹೋಗದಂತೆ ಸಾಫ್ಟ್‌ವೇರನ್ನು ಮೊದಲಿನಿಂದ ಕಟ್ಟಿ ಎಂದು. ಹಾಗೆ ಕಟ್ಟದ ಕಡೆ ಏನಾಗುತ್ತದೆ ಎಂಬುದು 2009ರಲ್ಲಿ ಕಣ್ಣಿಗೆ ಬಿತ್ತು. ಲಿನಕ್ಸಿನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4 ವೇಗಕ್ಕಾಗಿ ಫೈಲಿನ ವಿಷಯಕ್ಕೆ ಡಿಸ್ಕಿನಲ್ಲಿ ಜಾಗ ಗೊತ್ತುಮಾಡುವುದನ್ನೇ ಮುಂದೂಡುತ್ತಿತ್ತು. ಉಬುಂಟು 9.04ನ್ನು ಪರೀಕ್ಷಿಸುತ್ತಿದ್ದವರ ಯಂತ್ರ ಹಠಾತ್ತನೆ ನಿಂತರೆ ಎದ್ದ ಮೇಲೆ ಫೈಲುಗಳ ಹೆಸರು ಇರುತ್ತಿತ್ತು, ಗಾತ್ರ ಸೊನ್ನೆ. ಜರ್ನಲ್ ತನ್ನ ಮಾತು ಉಳಿಸಿಕೊಂಡಿತ್ತು, ರಚನೆ ಸರಿಯಾಗಿತ್ತು. ಒಳಗೆ ಏನೂ ಇರಲಿಲ್ಲ. ಫೈಲ್ ವ್ಯವಸ್ಥೆಯನ್ನು ರೂಪಿಸಿದವರಲ್ಲಿ ಪ್ರಮುಖರಾದ ಥಿಯೋಡೋರ್ ತ್ಸೋ ಪ್ರೋಗ್ರಾಂ ಬರೆಯುವವರು ಅಗತ್ಯವಿದ್ದಲ್ಲಿ ಡಿಸ್ಕಿಗೆ ಇಳಿಸಲು ಸ್ಪಷ್ಟವಾಗಿ ಕೇಳಬೇಕೆಂದರು, ಜೊತೆಗೆ ಸಾಮಾನ್ಯ ಸಂದರ್ಭಗಳಲ್ಲಿ ಹೀಗಾಗದಂತೆ ದುರಸ್ತಿಯನ್ನೂ ಸೇರಿಸಿದರು.

ಬಾಕಿಯನ್ನು ಮೊದಲೇ ತೀರಿಸಿ ವೇಗ ಗಳಿಸಿದ ಉದಾಹರಣೆಗಳೂ ಇವೆ. 1983ರ ಆಪಲ್ ಲೀಸಾದಲ್ಲಿ ಗುಂಡಿ ಒತ್ತಿದರೆ ಯಂತ್ರ ತಾನೇ ತೆರೆದ ಕಡತಗಳನ್ನು ಸೇವ್ ಮಾಡಿ ಆರುತ್ತಿತ್ತು, ಮತ್ತೆ ಒತ್ತಿದಾಗ ಮೇಜು ಬಿಟ್ಟಂತೆಯೇ ಸಿಗುತ್ತಿತ್ತು. 2009ರ ಮ್ಯಾಕ್ ಓಎಸ್ ಟೆನ್ ಸ್ನೋ ಲೆಪರ್ಡ್ ಇದಕ್ಕೆ ಇನ್ನೊಂದು ರೂಪ ಕೊಟ್ಟಿತು. ಪ್ರೋಗ್ರಾಂ ತನ್ನಲ್ಲಿ ಸೇವ್ ಮಾಡದ ಕೆಲಸ ಇದೆಯೇ ಇಲ್ಲವೇ ಎಂಬುದನ್ನು ಮೊದಲೇ ಹೇಳಿಡಬಹುದು. ಆರುವಾಗ ಬಾಕಿ ಇಲ್ಲ ಎಂದವುಗಳನ್ನು ಕೇಳದೆ, ಎಬ್ಬಿಸದೆ ತಕ್ಷಣ ಕೊನೆಗೊಳಿಸಲಾಗುತ್ತದೆ. ಬಾಕಿ ಇದ್ದವುಗಳಿಗೆ ಮಾತ್ರ ಕಾಯಲಾಗುತ್ತದೆ. ಡಿಸ್ಕಿಗೆ ಸಾಗಹಾಕಿದ್ದ ಪ್ರೋಗ್ರಾಂಗಳನ್ನು ಮೆಮೊರಿಗೆ ಎಳೆದು ತರುವ ಕಷ್ಟ ಇದರಿಂದ ತಪ್ಪಿತು. ವಿಂಡೋಸ್ 10ರ 1809 ಆವೃತ್ತಿಯಿಂದ ಪೆನ್ ಡ್ರೈವಿಗೆ ಬರೆಯುವಾಗ ಮುಂದೂಡದೆ ಬರೆಯುವುದೇ ಮೂಲ ಕ್ರಮವಾಯಿತು. ಕಾಪಿ ಆಗುವುದು ತುಸು ನಿಧಾನ, ಕಾಪಿ ಮುಗಿದ ಮೇಲೆ ಕಿತ್ತುಕೊಳ್ಳುವುದು ಸಲೀಸು. ಮುಂದೂಡಿದರೂ ಮುಂದೂಡದಿದ್ದರೂ ಲೆಕ್ಕ ಒಂದೇ, ಹೊತ್ತನ್ನು ಎಲ್ಲಿ ಕೊಡುತ್ತೀರಿ ಎಂಬುದಷ್ಟೇ ಬೇರೆ.

2012ರ ವಿಂಡೋಸ್ 8 ಆರಿಸುವುದನ್ನೇ ಬದಲಾಯಿಸಿತು. ಬಳಕೆದಾರರ ಪ್ರೋಗ್ರಾಂಗಳನ್ನು ಮುಚ್ಚಿ, ವಿಂಡೋಸಿನ ತಿರುಳಾದ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿಯನ್ನು ‘ಹೈಬರ್‌ಫಿಲ್.ಸಿಸ್’ ಫೈಲಿಗೆ ಬರೆದು ಮಲಗಿಸುತ್ತದೆ. ಇದರಿಂದ ಏಳುವುದು ಬೇಗವಾಯಿತು. ಆದರೆ ಶಟ್‌ಡೌನ್ ಎಂದಾಗ ಪೂರ್ತಿ ಆರುವುದಿಲ್ಲ, ರೀಸ್ಟಾರ್ಟ್ ಮಾಡಿದಾಗ ಎಲ್ಲವೂ ಹೊಸದಾಗುತ್ತದೆ ಎಂಬುದು ಬಹಳ ಜನಕ್ಕೆ ಇಂದಿಗೂ ತಿಳಿದಿಲ್ಲ. ತಿರುಗುವ ಡಿಸ್ಕಿನ ಹಳೆಯ ಯಂತ್ರದಲ್ಲಿ ಆ ಫೈಲನ್ನು ಬರೆಯುವುದೇ ಆರುವ ಹೊತ್ತನ್ನು ಹೆಚ್ಚಿಸಬಹುದು. ಲಿನಕ್ಸ್ ಕಡೆ ವಾದ ಹೊಸದಾಗಿಯೇ ನಡೆದಿದೆ. ಅಲ್ಲಿ ಸೇವೆಗಳನ್ನು ನಡೆಸಿ ನಿಲ್ಲಿಸುವ ಸಿಸ್ಟಂಡಿ ಒಂದು ಸೇವೆಗೆ ನಿಲ್ಲಲು 90 ಸೆಕೆಂಡಿನವರೆಗೆ ಕೊಡುತ್ತದೆ. ಫೆಡೋರಾ ಎಂಬ ಲಿನಕ್ಸಿನವರು ಅದನ್ನು 15ಕ್ಕೆ ಇಳಿಸುವ ಪ್ರಸ್ತಾಪ ಮುಂದಿಟ್ಟಾಗ ಡೇಟಾಬೇಸ್‌ನಂಥ ಸೇವೆಗಳ ಗತಿಯೇನು ಎಂಬ ಪ್ರಶ್ನೆ ಎದ್ದಿತು. 2023ರ ಫೆಡೋರಾ 38ರಲ್ಲಿ ಅದು 45 ಸೆಕೆಂಡಿಗೆ ನಿಂತಿತು. ನನ್ನ ಮಟ್ಟಿಗೆ ಇದು ಸರಿಯಾದ ಬಗೆಯ ಜಗಳ. ಗಡುವು ಯಾರಿಗೆ ಬೇಕು, ಏಕೆ ಬೇಕು ಎಂದು ಕೇಳಿ ಇಳಿಸಿದ ಸಂಖ್ಯೆ ಅದು.

ಈ ದೃಷ್ಟಿಯಿಂದ ನೋಡಿದರೆ ಇಂದು ಹಳೆಯ ಕಂಪ್ಯೂಟರನ್ನು ಬೇಗ ಆರಿಸಬಯಸುವವರು ಕೈಯಿಡಬೇಕಾದ ಜಾಗಗಳು ಸ್ಪಷ್ಟ. ರ್‍ಯಾಮ್ ಹೆಚ್ಚಿಸಿದರೆ ಪೇಜ್‌ಫೈಲಿನಿಂದ ಎಳೆದು ತರುವ ಕೆಲಸ ಕಡಿಮೆಯಾಗುತ್ತದೆ. ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಉಳಿದ ಬಾಕಿ ಬೇಗ ಇಳಿಯುತ್ತದೆ. ಪೇಜ್‌ಫೈಲ್ ಅಳಿಸುವ ಆಯ್ಕೆ ಯಾರೋ ಹಾಕಿಟ್ಟಿದ್ದರೆ, ಅದರ ಅಗತ್ಯವಿಲ್ಲದ ಕಡೆ ತೆಗೆಯಬಹುದು. ಮಾರಿಹೋದ ಪ್ರಿಂಟರಿನ ಡ್ರೈವರ್, ಎರಡು ಆಂಟಿವೈರಸ್‌ಗಳಲ್ಲಿ ಒಂದು, ಈಗ ಇಲ್ಲದ ಸರ್ವರಿಗೆ ಜೋಡಿಸಿಟ್ಟ ನೆಟ್‌ವರ್ಕ್ ಡ್ರೈವ್, ಇವನ್ನು ತೆಗೆದುಹಾಕಿದರೆ ಕಾಯಬೇಕಾದವರ ಸಾಲೇ ಚಿಕ್ಕದಾಗುತ್ತದೆ. ಇಷ್ಟರ ಮೇಲೂ ನಿಂತರೆ ಇವೆಂಟ್ ವ್ಯೂವರ್ ತೆರೆದು, ಆರಿಸಿದ ಹೊತ್ತಿನ ಸುತ್ತ ಯಾವ ಸೇವೆಯ ಹೆಸರು ಮತ್ತೆ ಮತ್ತೆ ಬರುತ್ತಿದೆ ಎಂದು ನೋಡಬೇಕು. ಆ ಸೇವೆ ಯಾರ ಮಾಹಿತಿಯನ್ನೂ ಹಿಡಿದಿಟ್ಟುಕೊಂಡಿಲ್ಲ, ಬರೀ ಕೆಟ್ಟು ಕೂತಿದೆ ಎಂದು ಖಾತ್ರಿಯಾದರೆ ಮೊದಲು ಅದನ್ನೇ ನಿಲ್ಲಿಸಬಹುದು. ನಿಲ್ಲಿಸುವಂತಿಲ್ಲ, ಹೊಸ ಆವೃತ್ತಿಯೂ ಸಿಗುತ್ತಿಲ್ಲ, ಆ ಯಂತ್ರದಲ್ಲಿ ಡೇಟಾಬೇಸ್‌ನಂಥದ್ದು ಬೇರೆ ಏನೂ ನಡೆಯುತ್ತಿಲ್ಲ ಎಂದಾಗ ಮಾತ್ರ 20000 ಇದ್ದಲ್ಲಿ ಕಡಿಮೆ ಸಂಖ್ಯೆ ಬರೆಯುವುದಕ್ಕೆ ಕಾರಣವಿದೆ.